ನೂರ ಎಂಬತ್ತೇಳು ಜನರ ಒಂದು ನಂಬರು

ಬೆಳಿಗ್ಗೆ ಏಳೂವರೆಗೆ ಅಕ್ಕ ಬಟ್ಟೆ ಹಿಂಡುತ್ತಿದ್ದಾಗ ಕಿಟಕಿಯ ಮೇಲಿಟ್ಟಿದ್ದ ಫೋನು ಗುರುಗುಟ್ಟಿತು. ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡು ನೋಡಿದಳು. ಆರು ಅಂಕಿಗಳ ಸಂಕೇತ. ಅದರ ಬೆನ್ನಿಗೇ ಕರೆಯೂ ಬಂತು.

"ಅಕ್ಕಾ, ಬಂತಾ?" ಇಸ್ತ್ರಿಯವನ ದನಿ.

"ಬಂತು, ಬರ್ಕೋ. ನಾಲ್ಕು, ಸೊನ್ನೆ, ಒಂಬತ್ತು, ಒಂಬತ್ತು, ಎರಡು, ಏಳು. ಏನಕ್ಕಿದು?"

"ಅಮ್ಮಂಗೆ ಕಣ್ಣಾಸ್ಪತ್ರೆ ಪಾಳಿ ಅಕ್ಕಾ."

"ಬೇಗ ಹಾಕು. ಹತ್ತೇ ನಿಮಿಷ ಅದರ ಆಯಸ್ಸು."

ಒಳಗಿನಿಂದ ಅತ್ತೆ ಕೂಗಿದರು. "ನಿಂದು ಫೋನಲ್ಲ ಕಣೇ, ಛತ್ರ. ಕಂಡಕಂಡವರೆಲ್ಲ ಬಂದು ಮಲಗಿ ಎದ್ದು ಹೋಗ್ತಾರೆ."

"ನೀವೂ ಮಲಗ್ಕೊಳ್ಳಿ ಅತ್ತೆ. ಜಾಗ ಇದೆ."

ಅತ್ತೆ ಸೊಸೆಯರ ನಡುವೆ ಇಂಥ ಮಾತು ಹೊಸದಲ್ಲ. ಪಂಪು ರಿಪೇರಿ ಮಾಡುವ ಗಂಡ ಬೆಳಿಗ್ಗೆ ಆರಕ್ಕೇ ಮನೆ ಬಿಡುತ್ತಿದ್ದ. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು ಇವರಿಬ್ಬರು ಮತ್ತು ಆ ಫೋನು.

ಅಕ್ಕ ಗ್ರಂಥಾಲಯದ ಶಾಖೆಗೆ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪುಸ್ತಕಗಳ ಧೂಳು ಹೊಡೆಯುವುದಕ್ಕೆ. ಓದಿದ್ದು ಹತ್ತನೇ ತರಗತಿ. ಧೂಳು ಹೊಡೆಯುತ್ತ ಹೊಡೆಯುತ್ತ ಯಾವ ಪುಸ್ತಕ ಯಾವ ಗೂಡಿನದು ಎಂಬುದು ಕೈಗೆ ಗೊತ್ತಾಯಿತು. ಆಮೇಲೆ ಕಾರ್ಡು ಬರೆಯಲು ಕೂರಿಸಿದರು. ಶಾಖೆಗೆ ನಾಲ್ಕು ಕಂಪ್ಯೂಟರ್ ಬಂದಾಗ ಇಬ್ಬರು ಹಿರಿಯ ಗುಮಾಸ್ತರು ಅವುಗಳ ಮೇಲೆ ಬಟ್ಟೆ ಹೊದಿಸಿ, ಮುಟ್ಟಿದರೆ ಕೆಟ್ಟುಹೋಗುತ್ತದೆ ಎಂದು ದೂರ ಕುಳಿತರು. ಅಕ್ಕ ಬಟ್ಟೆ ತೆಗೆದು ಧೂಳು ಒರೆಸಿದಳು. ಒರೆಸುವಾಗ ಒಂದು ಕೀಲಿ ಒತ್ತಿಹೋಯಿತು, ಏನೂ ಕೆಡಲಿಲ್ಲ. ಮತ್ತೊಂದು ಒತ್ತಿದಳು. ಅವಳ ಕಂಪ್ಯೂಟರ್ ಶಿಕ್ಷಣ ನಡೆದದ್ದು ಹೀಗೆ. ಗುಮಾಸ್ತರು ನಿವೃತ್ತರಾದ ಮೇಲೆ ಇಂಟರ್ನೆಟ್ ಕೋಣೆ ಅವಳದಾಯಿತು.

ಆಗ ಆ ಕೋಣೆಯ ಮುಂದೆ ಸಾಲು ನಿಲ್ಲುತ್ತಿತ್ತು. ಒಬ್ಬೊಬ್ಬರಿಗೆ ಅರ್ಧ ಗಂಟೆ. ಅಕ್ಕ ಮನೆಯಿಂದ ಅಲಾರಾಂ ಗಡಿಯಾರ ತಂದಿಟ್ಟಿದ್ದಳು. ಅದು ಕಿರುಚಿದರೆ ಎಂಥವರೂ ಏಳಬೇಕು. ಪರೀಕ್ಷೆಯ ಫಲಿತಾಂಶ, ಕೆಲಸದ ಅರ್ಜಿ, ದೂರದವರಿಗೆ ಕಾಗದ, ಎಲ್ಲವೂ ಆ ನಾಲ್ಕು ಪರದೆಗಳಲ್ಲಿ ನಡೆಯುತ್ತಿತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಸಾಲು ಕರಗಿತು, ಎರಡು ಕಂಪ್ಯೂಟರ್ ಸತ್ತವು, ಕೋಣೆಗೆ ಬೀಗ ಹಾಕಿ ಎಂದು ಮೇಲಿನವರು ಬರೆದರು.

ಅಕ್ಕ ಬೀಗ ಹಾಕಲಿಲ್ಲ. ಸಂಜೆ ಹೋಗುವಾಗ ಅವಳು ಒಂದು ಸಂಗತಿ ಗಮನಿಸಿದ್ದಳು: ಬಾಗಿಲು ಮುಚ್ಚಿದ ಮೇಲೂ ಮೆಟ್ಟಿಲ ಮೇಲೆ ಎಂಟು ಹತ್ತು ಜನ ಕೂತಿರುತ್ತಿದ್ದರು. ಒಳಗಿನ ವೈಫೈ ಕಿಟಕಿಯಿಂದ ಸೋರುತ್ತಿತ್ತು. ಮರುದಿನ ವೈಫೈ ಡಬ್ಬಿಯನ್ನು ಕಿಟಕಿಯ ಪಕ್ಕಕ್ಕೇ ತಂದಿಟ್ಟಳು, ಮೆಟ್ಟಿಲಿಗೆ ಎರಡು ಬೆಂಚು ಹಾಕಿಸಿದಳು, ಗಂಡನ ಕೈಯಲ್ಲಿ ಆರು ಪ್ಲಗ್ಗಿನ ಹಲಗೆ ಜೋಡಿಸಿದಳು. ಎಲ್ಲಿ ಸಿಗ್ನಲ್ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಫೋನು ಇದ್ದವರಿಗೂ ತಿಳಿಯದ್ದು ಬೇಕಾದಷ್ಟಿತ್ತು. ಯಾವ ಕೆಲಸದ ಜಾಹೀರಾತು ಸುಳ್ಳು, ಯಾವ ಅರ್ಜಿಗೆ ಯಾವ ಫೋಟೊ, ಯಾವ ಗುಂಡಿ ಒತ್ತಿದರೆ ಅಪಾಯ ಎಂದು ಬೆಂಚಿನ ತುದಿಯಲ್ಲಿ ಕೂತು ಹೇಳಿಕೊಡುತ್ತಿದ್ದಳು. ಸಭೆ ಸಮಾರಂಭಗಳಲ್ಲಿ ಗ್ರಂಥಾಲಯಗಳು ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ಭಾಷಣ ಮಾಡುವವರು ಯಾರೂ ಆ ಮೆಟ್ಟಿಲು ನೋಡಲು ಬರಲಿಲ್ಲ.

ಅವಳು ಮಾಡಿದ ತಪ್ಪೂ ಇಂಥ ನೆರವಿನಿಂದಲೇ ಶುರುವಾದದ್ದು.

ಎಂಟು ವರ್ಷದ ಹಿಂದೆ ಸದಸ್ಯತ್ವದ ಅರ್ಜಿ ಕಂಪ್ಯೂಟರಿಗೆ ಹೋಯಿತು. ಹೆಸರು, ವಿಳಾಸ, ಫೋನ್ ನಂಬರು. ನಂಬರಿನ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದೆ ಸರಿಯುತ್ತಿರಲಿಲ್ಲ. ಮೊದಲ ದಿನ ಬಂದವಳು ಪಾತ್ರೆ ತಿಕ್ಕುವ ಹೆಂಗಸು, ಮಗಳಿಗೆ ಚಿತ್ರದ ಪುಸ್ತಕ ಕೇಳಿಕೊಂಡು. ಅವಳ ಹತ್ತಿರ ಫೋನಿರಲಿಲ್ಲ. "ಹಾಗಾದ್ರೆ ಇಲ್ವಾ ಅಕ್ಕಾ?" ಎಂದು ಎದ್ದು ನಿಂತಳು. "ಕೂತ್ಕೋ. ನಂದೇ ಹಾಕೋಣ," ಎಂದಳು ಅಕ್ಕ. ಹೀಗೆ ಒಬ್ಬಳು, ಆಮೇಲೆ ಇನ್ನೊಬ್ಬ. ಗ್ರಂಥಾಲಯದ ಅರ್ಜಿಗೆ ಹಾಕಿದ್ದನ್ನು ಆಸ್ಪತ್ರೆಯ ಪಾಳಿಗೂ ಶಾಲೆಯ ಅರ್ಜಿಗೂ ಹಾಕಿದರು. ಶಾಖೆಗೇ ಒಂದು ಫೋನು ಕೊಡಿ ಎಂದು ಅಕ್ಕ ಒಮ್ಮೆ ಬರೆದುಕೊಂಡಿದ್ದಳು. ಆ ವಸ್ತು ಪಟ್ಟಿಯಲ್ಲಿಲ್ಲ ಎಂದು ಉತ್ತರ ಬಂತು. ಎರಡನೆಯ ಸಲ ಅವಳು ಬರೆಯಲಿಲ್ಲ. ಅವಳಿಗೆ ಅದು ಅಷ್ಟೇನೂ ಬೇಕಿರಲಿಲ್ಲ ಎಂಬುದನ್ನೂ ಹೇಳಬೇಕು. ಬೀದಿಯ ಜನ ತಮ್ಮ ಮನೆಯ ನಂಬರಿನಂತೆ ತನ್ನ ನಂಬರು ಬಾಯಿಪಾಠ ಹೇಳುವಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಆ ನಂಬರನ್ನು ಎಲ್ಲರಿಗಿಂತ ಗಟ್ಟಿಯಾಗಿ ಕಲಿತವರು ಮೊಳೆ ತಾತ. ಅವರು ಮೂವತ್ತೆಂಟು ವರ್ಷ ಒಂದು ದಿನಪತ್ರಿಕೆಯ ಛಾಪಾಖಾನೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದವರು. ಈಗ ಕಣ್ಣು ಹೋಗುತ್ತ ಬಂದಿತ್ತು. ಫೋನಿನ ಪರದೆ ಅವರಿಗೆ ಬರೀ ಬೆಳಕು. ಅಕ್ಕ ಒಂದು ಕಂಪ್ಯೂಟರಿನಲ್ಲಿ ಅಕ್ಷರವನ್ನು ಅಂಗೈಯಷ್ಟು ದೊಡ್ಡದು ಮಾಡಿಟ್ಟಿದ್ದಳು. ಹಳೆಯ ಪತ್ರಿಕೆಗಳನ್ನೆಲ್ಲ ಮುಖ್ಯ ಗ್ರಂಥಾಲಯದವರು ಚಿತ್ರ ತೆಗೆದು ಅಂತರ್ಜಾಲಕ್ಕೆ ಹಾಕಿದ್ದರು. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ತಾತ ಬಂದು, ತಾವೇ ಜೋಡಿಸಿದ ಪುಟಗಳನ್ನು ಒಂದೊಂದೇ ಅಕ್ಷರವಾಗಿ ನೋಡುತ್ತಿದ್ದರು. ಸುದ್ದಿ ಓದಲು ಅಲ್ಲ, ತಮ್ಮ ತಪ್ಪು ಹುಡುಕಲು.

"ನೋಡು, ಇಲ್ಲಿ ಸೊನ್ನೆ ಬಿಟ್ಟಿದ್ದೀನಿ. ಸತ್ತವರು ಇನ್ನೂರು ಅಂತಿರಬೇಕಿತ್ತು, ಇಪ್ಪತ್ತು ಆಗಿದೆ."

"ನೂರ ಎಂಬತ್ತು ಜನ ಬದುಕಿಕೊಂಡ್ರಲ್ಲ ತಾತ."

"ನಗ್ತೀಯ ನೀನು. ನನ್ನ ಲೆಕ್ಕದಲ್ಲಿ ಇದು ನಾನೂರ ಆರನೇ ತಪ್ಪು. ಇನ್ನು ಮೂರು ವರ್ಷದ ಪತ್ರಿಕೆ ಉಳಿದಿದೆ. ಅಷ್ಟು ಮುಗಿಸಿದ್ರೆ ಸಾಕು, ಆಮೇಲೆ ಕಣ್ಣು ಹೋದ್ರೆ ಹೋಗ್ಲಿ."

ಕಳೆದ ವರ್ಷ ಶಾಖೆಗೆ ಹೊಸ ಗ್ರಂಥಪಾಲಕರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಓದು, ಮೆದು ಮಾತು. ಅವರು ಕೆಟ್ಟವರಲ್ಲ, ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರೊಂದಿಗೆ ಮುಖ್ಯ ಗ್ರಂಥಾಲಯದ ಹೊಸ ವ್ಯವಸ್ಥೆಯೂ ಬಂತು: ಇನ್ನು ಕಾರ್ಡಿಲ್ಲ, ಫೋನ್ ನಂಬರೇ ಸದಸ್ಯ. ಐನೂರು ಸದಸ್ಯರಿಲ್ಲದ ಶಾಖೆಗಳನ್ನು ಮುಚ್ಚಿ, ಅದೇ ಜಾಗದಲ್ಲಿ ಪುಸ್ತಕದ ಪೆಟ್ಟಿಗೆಗಳನ್ನು ನಿಲ್ಲಿಸುತ್ತಾರೆ. ಬೇಕಾದ ಪುಸ್ತಕ ಕೇಳಿದರೆ ಪೆಟ್ಟಿಗೆಗೆ ಬಂದು ಬೀಳುತ್ತದೆ, ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ತೆಗೆದುಕೊಳ್ಳಬಹುದು.

"ನಮಗೇನೂ ಭಯ ಇಲ್ಲ ಸರ್," ಎಂದಳು ಅಕ್ಕ. "ನಮ್ದು ಆರುನೂರ ನಲವತ್ತೊಂದು."

ಹದಿನೈದು ದಿನದ ಮೇಲೆ ಗ್ರಂಥಪಾಲಕರು ಅವಳನ್ನು ಕರೆದರು. "ಅಕ್ಕಾ, ಒಂದು ವಿಚಿತ್ರ ನೋಡಿ. ನಿಮ್ಮ ಹೆಸರಲ್ಲಿ ಎಷ್ಟು ಪುಸ್ತಕ ಹೊರಗಿದೆ?"

"ಎರಡು, ಸರ್."

"ಇನ್ನೂರ ಹನ್ನೊಂದು."

ಅಕ್ಕ ಪರದೆಗೆ ಬಗ್ಗಿದಳು. ತನ್ನ ಹೆಸರಿನ ಕೆಳಗೆ ಬಾಣಂತಿ ಆರೈಕೆ, ಡೀಸೆಲ್ ಎಂಜಿನ್, ಚದುರಂಗ, ಕೋಳಿ ಸಾಕಣೆ, ಹೊಲಿಗೆ, ದೆವ್ವದ ಕಥೆ. ಒಂದೇ ನಂಬರಿನವರನ್ನೆಲ್ಲ ಯಂತ್ರ ಒಬ್ಬರೇ ಎಂದು ತಿಳಿದು ಒಟ್ಟು ಮಾಡಿತ್ತು. ಅವಳೂ ಸೇರಿ ನೂರ ಎಂಬತ್ತೇಳು ಜನ ಈಗ ಒಬ್ಬಳೇ ಹೆಂಗಸು. ಶಾಖೆಯ ಸದಸ್ಯರು ನಾನೂರ ಐವತ್ತೈದು.

"ಇದನ್ನ ಬಿಡಿಸೋಕೆ ಆಗಲ್ವಾ ಸರ್?"

"ಒಂದೊಂದು ಹೆಸರಿಗೂ ಬೇರೆ ನಂಬರ್ ತಂದರೆ ಆಗತ್ತೆ. ತಿಂಗಳ ಕೊನೆವರೆಗೂ ಸಮಯ ಇದೆ. ನಲವತ್ತೈದು ಸಿಕ್ಕಿದ್ರೆ ಸಾಕು." ಪರದೆಯನ್ನು ಪಕ್ಕಕ್ಕೆ ತಿರುಗಿಸಿ, "ಯಾಕಕ್ಕಾ ಹೀಗೆ ಮಾಡಿದ್ರಿ?" ಎಂದರು.

"ಅರ್ಜಿ ಮುಂದೆ ಹೋಗ್ತಿರಲಿಲ್ಲ ಸರ್."

ಅಕ್ಕ ಹೆಸರು ಬರೆದಿಟ್ಟುಕೊಂಡಿದ್ದ ಉದ್ದ ನೋಟುಪುಸ್ತಕ ಹಿಡಿದು, ದಿನಾ ಕೆಲಸ ಮುಗಿದ ಮೇಲೆ ಬೀದಿ ಬೀದಿ ಸುತ್ತಿದಳು. ಇಪ್ಪತ್ತಮೂರು ಜನ ತೀರಿಕೊಂಡಿದ್ದರು. ಐವತ್ತೆಂಟು ಜನ ಊರು ಬಿಟ್ಟಿದ್ದರು. ಉಳಿದವರು ನೂರ ಐದು. ಅವರಲ್ಲಿ ಫೋನು ಕೊಂಡವರೂ ಇದ್ದರು, ಆದರೆ ಮನೆಗೊಂದೇ ಫೋನು, ಅದರ ನಂಬರು ಗಂಡನ ಸದಸ್ಯತ್ವಕ್ಕೆ ಆಗಲೇ ಹೋಗಿತ್ತು. ಕೆಲವರಿಗೆ ಬದಲಾಯಿಸುವ ಮನಸ್ಸೇ ಇರಲಿಲ್ಲ.

"ನಿಮ್ಮ ನಂಬರ್ ಚೆನ್ನಾಗೇ ಇದೆಯಲ್ಲ ಅಕ್ಕಾ, ಯಾಕೆ ಬದಲಾಯಿಸಬೇಕು?" ಎಂದಳು ಪಾತ್ರೆ ತಿಕ್ಕುವ ಹೆಂಗಸು. "ನಮ್ಮ ಮೇಲೆ ಬೇಜಾರಾಯ್ತಾ?"

"ಬೇಜಾರಲ್ಲ ಕಣೇ. ಶಾಖೆ ಮುಚ್ಚಿಹೋಗತ್ತೆ."

"ನೀವಿದ್ದೀರಲ್ಲ, ಮುಚ್ಚೋಕೆ ಬಿಡ್ತೀರಾ?"

ಅಕ್ಕ ನೋಟುಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದು ಮುಂದಿನ ಮನೆಗೆ ನಡೆದಳು. ನೂರ ಐದರಲ್ಲಿ ಸಿಕ್ಕ ಹೊಸ ನಂಬರು ಇಪ್ಪತ್ತೇಳು. ನಾನೂರ ಎಂಬತ್ತೆರಡು ಆಯಿತು. ಇನ್ನೂ ಹದಿನೆಂಟು ಬೇಕು.

ಶಾಖೆಯ ಎದುರಿನ ಮೊಬೈಲ್ ಅಂಗಡಿಯವನು ನಕ್ಕ. "ಹದಿನೆಂಟು ಸಿಮ್ ತಾನೇ ಅಕ್ಕಾ? ಸಂಜೆ ಬನ್ನಿ, ಪೊಟ್ಟಣ ಕಟ್ಟಿಕೊಡ್ತೀನಿ. ಯಾರ ಹೆಸರಲ್ಲಿ ಬೇಕೋ ಅವರ ಹೆಸರಲ್ಲಿ."

"ಒಂದು ಸುಳ್ಳಿಗೆ ಇಷ್ಟಾಗಿದೆ. ಹದಿನೆಂಟು ಹೇಳಿದ್ರೆ ನನ್ನ ಗತಿ?" ಎಂದು ಅಕ್ಕ ರಸ್ತೆ ದಾಟಿದಳು.

ಅವಳಿಗೆ ಉಳಿದದ್ದು ಒಂದೇ ದಾರಿ, ನಡೆದದ್ದನ್ನು ನಡೆದ ಹಾಗೆ ಬರೆದುಕೊಡುವುದು. ಉಳಿದ ಎಪ್ಪತ್ತೆಂಟು ಜನ ಬದುಕಿದ್ದಾರೆ, ಓದುತ್ತಾರೆ, ಅವರಿಗೆ ಫೋನಿಲ್ಲ ಅಥವಾ ಸ್ವಂತದ್ದಿಲ್ಲ. ಅವರನ್ನೂ ಎಣಿಸಿದರೆ ಐನೂರ ಅರವತ್ತು. ಗ್ರಂಥಪಾಲಕರು ತಡೆದರು.

"ಬರೆಯೋ ಮುಂಚೆ ಯೋಚನೆ ಮಾಡಿ ಅಕ್ಕಾ. ಸದಸ್ಯರ ಖಾತೆ ಸಿಬ್ಬಂದಿ ಕೈಯಲ್ಲಿ ಇರಬಾರದು ಅಂತ ನಿಯಮ. ನೀವು ಸುಮ್ಮನಿದ್ರೆ ಇದು ಯಂತ್ರದ ದೋಷ ಅಂತ ಹೋಗತ್ತೆ. ನಿಮ್ಮ ಕೆಲಸಕ್ಕೆ ತೊಂದರೆ ಇಲ್ಲ."

"ಶಾಖೆಗೆ?"

ಅವರು ಖಾಲಿ ಹಾಳೆಯನ್ನು ಅವಳ ಕಡೆ ಸರಿಸಿದರು.

ಅಕ್ಕ ಎರಡು ಪುಟ ಬರೆದಳು. ಎಪ್ಪತ್ತೆಂಟು ಜನರ ಸಹಿ, ಸಹಿ ಬಾರದವರ ಹೆಬ್ಬೆಟ್ಟು ಜೊತೆಗಿಟ್ಟಳು. ಕೊನೆಯಲ್ಲಿ, ಪ್ರತಿ ಶಾಖೆಗೂ ಒಂದು ಫೋನು ಕೊಟ್ಟರೆ ಫೋನಿಲ್ಲದವರಿಗೆ ಅದೇ ನಂಬರು ಆಗುತ್ತದೆ, ಸಂಕೇತ ಬಂದಾಗ ಮೇಜಿನ ಹತ್ತಿರ ಇರುವವರು ಓದಿ ಹೇಳಬಹುದು, ಎಂದೂ ಸೇರಿಸಿದಳು. ಮೊಳೆ ತಾತ ತಮ್ಮ ಸಹಿಯ ಮೇಲೆ ಭೂತಗನ್ನಡಿ ಹಿಡಿದು ನೋಡಿ, "ತಪ್ಪಿಲ್ಲ," ಎಂದರು.

ಒಂದು ತಿಂಗಳಿಗೆ ಉತ್ತರ ಬಂತು. ನಂಬರಿಲ್ಲದ ಸದಸ್ಯರನ್ನು ವ್ಯವಸ್ಥೆ ಗುರುತಿಸುವುದಿಲ್ಲವಾದ್ದರಿಂದ ಎಣಿಕೆಯಲ್ಲಿ ಬದಲಾವಣೆ ಇಲ್ಲ, ಶಾಖೆ ಮುಚ್ಚತಕ್ಕದ್ದು. ನಿಯಮ ಮುರಿದ ಸಿಬ್ಬಂದಿಯನ್ನು ಸಾರ್ವಜನಿಕ ಸಂಪರ್ಕವಿಲ್ಲದ ಕೆಲಸಕ್ಕೆ, ಮುಖ್ಯ ಗ್ರಂಥಾಲಯದ ದಾಸ್ತಾನು ಕೋಣೆಗೆ ವರ್ಗ ಮಾಡತಕ್ಕದ್ದು. ಕೊನೆಯ ಸಲಹೆಯನ್ನು ಮುಂದಿನ ಪರಿಷ್ಕರಣೆಯಲ್ಲಿ ಪರಿಶೀಲಿಸಲಾಗುವುದು.

"ಹೇಳ್ಕೊಂಡು ಏನು ಕಟ್ಕೊಂಡೆ?" ಎಂದರು ಅತ್ತೆ.

"ಏನೂ ಇಲ್ಲ."

"ಹಾಗಾದ್ರೆ ತಟ್ಟೆ ಹಾಕು. ಊಟ ಮಾಡೋಣ."

ಶಾಖೆಯ ಮೆಟ್ಟಿಲ ಪಕ್ಕದಲ್ಲಿ, ಬೆಂಚುಗಳಿದ್ದ ಜಾಗದಲ್ಲಿ, ಬೂದು ಬಣ್ಣದ ಇಪ್ಪತ್ತು ಪೆಟ್ಟಿಗೆಗಳ ಕಬ್ಬಿಣದ ಬೀರು ಬಂದು ನಿಂತಿತು. ನಡುವೆ ಒಂದು ಸಣ್ಣ ಪರದೆ, ಕೆಳಗೆ ಅಂಕಿಗಳ ಗುಂಡಿ. ನಂಬರು ಒತ್ತಬೇಕು, ಫೋನಿಗೆ ಸಂಕೇತ ಬರುತ್ತದೆ, ಸಂಕೇತ ಒತ್ತಿದರೆ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ. ಹೋಗುವ ಮುಂಚೆ ಗ್ರಂಥಪಾಲಕರು ಒಂದು ಒಳ್ಳೆಯ ಕೆಲಸ ಮಾಡಿದರು. ಒಂದು ದೊಡ್ಡ ಟ್ಯಾಬಿನಲ್ಲಿ ಮೊಳೆ ತಾತ ನೋಡದೆ ಉಳಿದಿದ್ದ ಮೂರು ವರ್ಷದ ಪತ್ರಿಕೆಗಳನ್ನೆಲ್ಲ ತುಂಬಿಸಿ, ಅಕ್ಷರ ಅಂಗೈಯಷ್ಟು ಕಾಣುವಂತೆ ಮಾಡಿ, ತಾತನ ಹೆಸರಿಗೆ ಏಳನೆಯ ಪೆಟ್ಟಿಗೆಯಲ್ಲಿಡಲು ಬರೆದರು. ತಾತನ ಹೆಸರು ವ್ಯವಸ್ಥೆಯಲ್ಲಿ ಇರಲಿಲ್ಲ, ಆದ್ದರಿಂದ ಅದೂ ಅಕ್ಕನ ಹೆಸರಿಗೇ ಬಿತ್ತು.

"ಗುರುವಾರ ಹನ್ನೊಂದಕ್ಕೆ ಹೋಗಿ ತಾತ," ಎಂದಿದ್ದಳು ಅಕ್ಕ. "ನನ್ನ ನಂಬರ್ ಒತ್ತಿ. ಇಸ್ತ್ರಿಯವನು ಎದುರಿಗೇ ಇರ್ತಾನೆ, ನನಗೆ ಫೋನ್ ಮಾಡ್ತಾನೆ, ನಾನು ಸಂಕೇತ ಓದ್ತೀನಿ."

"ನಂಬರ್ ಮರೆಯೋ ಮಾತೇ ಇಲ್ಲ. ಮೊಳೆ ಜೋಡಿಸಿ ದಾರ ಕಟ್ಟಿ ಇಟ್ಟಿದ್ದೀನಿ ತಲೆಯಲ್ಲಿ."

ಮುಖ್ಯ ಗ್ರಂಥಾಲಯ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ದಾಸ್ತಾನು ಕೋಣೆ ನೆಲಮಾಳಿಗೆಯಲ್ಲಿತ್ತು. ಬಿಸಿಲು ಬಾರದ ಉದ್ದ ಕೋಣೆ, ಕೊಳವೆ ದೀಪ, ಶಾಖೆಗಳಿಂದ ಬಂದ ಪುಸ್ತಕಗಳ ರಾಶಿ. ಅವನ್ನು ಒರೆಸಿ, ಮುದ್ರೆ ಹೊಡೆದು, ಕಟ್ಟು ಕಟ್ಟಬೇಕು. ಮೂವತ್ತೈದು ವರ್ಷದ ಮೇಲೆ ಅಕ್ಕನ ಕೈಗೆ ಮತ್ತೆ ಧೂಳಿನ ಬಟ್ಟೆ ಬಂತು. ಅಲ್ಲಿಗೆ ಹೋಗಿ ನಿಂತ ಮೇಲೆ ಅವಳಿಗೆ ತಿಳಿದ ಇನ್ನೊಂದು ನಿಯಮವೆಂದರೆ, ಹಳೆಯ ಕಾಗದಪತ್ರಗಳ ಚಿತ್ರ ಯಾರೂ ತೆಗೆಯಬಾರದೆಂದು ಫೋನುಗಳನ್ನು ಬಾಗಿಲಿನ ಬೀರುವಿನಲ್ಲಿ ಇಟ್ಟು ಒಳಗೆ ಹೋಗಬೇಕು. ಊಟಕ್ಕೆ ಒಂದೂವರೆಗೆ, ಮನೆಗೆ ಐದೂವರೆಗೆ ಕೈಗೆ ಕೊಡುತ್ತಾರೆ. ಮನೆಯಲ್ಲಿ ಬಿಟ್ಟು ಬರುವಂತೆಯೂ ಇರಲಿಲ್ಲ, ಹಾಜರಿ ಹಾಕುವುದು ಅದರಿಂದಲೇ.

ಅವಳು ಅಲ್ಲಿ ಸೇರಿದ ಮೊದಲ ದಿನವೇ ಗುರುವಾರ. ಹತ್ತೂ ಐವತ್ತಕ್ಕೆ ಕಾವಲಿನವನ ಹತ್ತಿರ ಹೋದಳು.

"ಅಣ್ಣಾ, ಅರ್ಧ ಗಂಟೆ ನನ್ನ ಫೋನ್ ಕೊಡಿ. ಒಬ್ಬರು ಕಾಯ್ತಿರ್ತಾರೆ."

"ಇವತ್ತು ನಿಮಗೆ, ನಾಳೆ ಎಲ್ಲರಿಗೂ. ನನ್ನ ಕೆಲಸ ಹೋಗತ್ತೆ ತಾಯಿ."

ನಿಯಮ ಮುರಿದರೆ ಏನಾಗುತ್ತದೆ ಎಂದು ಅಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ವಾಪಸು ಬಂದು ಬಟ್ಟೆ ಹಿಡಿದಳು.

ಒಂದೂವರೆಗೆ ಫೋನು ನೋಡಿದಳು. ಮೂರು ಸಂಕೇತ. ಹನ್ನೊಂದೂ ಹತ್ತು, ಹನ್ನೊಂದೂ ಇಪ್ಪತ್ತೆರಡು, ಹನ್ನೊಂದೂ ಮೂವತ್ತೈದು. ನಡುವೆ ಇಸ್ತ್ರಿಯವನ ಒಂಬತ್ತು ಕರೆಗಳು. ನಾಲ್ಕನೆಯ ಸಂಕೇತ ಇರಲಿಲ್ಲ.

ಸಂಜೆ ಅವಳು ಮನೆಯ ನಿಲ್ದಾಣದಲ್ಲಿ ಇಳಿಯದೆ ಶಾಖೆಯವರೆಗೂ ಹೋದಳು. ಬೀರುವಿನ ಪರದೆಯಲ್ಲಿ ಏಳನೆಯ ಪೆಟ್ಟಿಗೆಗೆ ಕೆಂಪು ಗುರುತು: ಮೂರು ಬಾರಿ ವಿಫಲ, ನಾಳೆ ಪ್ರಯತ್ನಿಸಿ.

"ತಾತ ಒಂದು ಗಂಟೆ ನಿಂತಿದ್ರು," ಎಂದ ಇಸ್ತ್ರಿಯವನು, ಇಸ್ತ್ರಿಪೆಟ್ಟಿಗೆಯಿಂದ ಕೆಂಡ ಹೊರಗೆ ಸುರಿಯುತ್ತ. "ನೀವು ಫೋನ್ ಎತ್ತಲಿಲ್ಲ. ಅವರು ಆ ಕಬ್ಬಿಣಕ್ಕೆ ಬಾಯಿ ಇಟ್ಟು 'ಅಕ್ಕಾ, ಬಂತಾ? ಅಕ್ಕಾ, ಬಂತಾ?' ಅಂತಿದ್ರು. ಒಳಗೆ ನೀವು ಕೂತಿದ್ದೀರ ಅಂದ್ಕೊಂಡ್ರೋ ಏನೋ."

ತಾತನ ಮನೆ ಎರಡು ಓಣಿ ಆಚೆ. ಮಗಳು ಬಾಗಿಲು ತೆಗೆದಳು. ತಾತ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಬೆರಳು ತೊಡೆಯ ಮೇಲೆ ಏನನ್ನೋ ಜೋಡಿಸುತ್ತಿತ್ತು.

"ಬಂದೆಯಾ? ನಂಬರ್ ತಪ್ಪು ಒತ್ತಿದೆ ಕಣಮ್ಮಾ. ಮೂರು ಸಲವೂ ತಪ್ಪು. ಎಲ್ಲೋ ಒಂದು ಮೊಳೆ ಬಿದ್ದುಹೋಗಿದೆ, ಯಾವುದು ಅಂತ ಸಿಕ್ತಿಲ್ಲ."

"ನಂಬರ್ ಸರಿ ಇತ್ತು ತಾತ. ನೋಡಿ, ಮೂರೂ ಸಂಕೇತ ನನ್ನ ಫೋನಿಗೆ ಬಂದಿವೆ. ಫೋನ್ ನನ್ನ ಹತ್ತಿರ ಇರಲಿಲ್ಲ. ತಪ್ಪು ನಂದು."

ಅವಳು ಹಿಡಿದ ಫೋನಿನ ಕಡೆ ತಾತ ತಿರುಗಿದರು. ಅವರಿಗೆ ಕಂಡದ್ದು ಬೆಳಕು ಮಾತ್ರ.

"ನನ್ನ ಸಮಾಧಾನಕ್ಕೆ ಹೇಳ್ತೀಯ ನೀನು," ಎಂದರು. "ನಾನೂರ ಏಳು ಅಂತ ಬರ್ಕೋ."

ಅವಳು ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ. ತಪ್ಪು ತಮ್ಮದಲ್ಲ ಎಂದು ನಂಬುವ ಅಭ್ಯಾಸ ಅವರ ಕಸುಬಿನಲ್ಲಿ ಇರಲಿಲ್ಲ.

ಮನೆಗೆ ಬಂದು ಅಕ್ಕ ಮೇಜಿನ ಮುಂದೆ ಕೂತು ರಜೆಯ ಅರ್ಜಿ ಬರೆಯತೊಡಗಿದಳು. ಅತ್ತೆಗೆ ಓದು ಬಾರದು, ಲೆಕ್ಕ ಬರುತ್ತಿತ್ತು. ಹಿಂದೆ ಬಂದು ನಿಂತು, "ಏನದು?" ಎಂದರು.

"ಮುಂದಿನ ಗುರುವಾರ ಅರ್ಧ ದಿನ ರಜೆ. ಪೆಟ್ಟಿಗೆ ಒಂದಕ್ಕೇ ಮುಚ್ಚತ್ತೆ, ಅದರ ಹತ್ತಿರ ನಾನೇ ನಿಂತಿರ್ತೀನಿ."

"ಆಮೇಲಿನ ಗುರುವಾರ?"

"ಟ್ಯಾಬನ್ನ ಏಳು ದಿನಕ್ಕೇ ಕೊಡೋದು. ವಾಪಸ್ ಇಟ್ಟು ಮತ್ತೆ ತೆಗೀಬೇಕು. ಪ್ರತಿ ಗುರುವಾರವೂ ಬೇಕು."

"ವರ್ಷಕ್ಕೆ ಎಷ್ಟು ರಜೆ ನಿಂಗೆ?"

"ಹನ್ನೆರಡು. ಅರ್ಧರ್ಧ ಮಾಡಿದ್ರೆ ಇಪ್ಪತ್ತನಾಲ್ಕು."

ಅತ್ತೆ ಬೆರಳು ಮಡಿಸಿದರು. ತುಟಿ ಅಲ್ಲಾಡಿತು.

"ಉಳಿದ ಇಪ್ಪತ್ತೆಂಟು?"

ಅಕ್ಕ ಅರ್ಜಿಯ ಕೆಳಗೆ ಸಹಿ ಹಾಕಿ, ತಾರೀಖು ಬರೆದಳು.